ಪಾತಾಳದ ಬಿಸಿ: ತಲೆಯಾಡಿಸಿದ ಸಾಕ್ಷಿ

"ಕವನಮ್ಮ, ನೀವು ಅವರ ಮುಖ ನೋಡಿದ್ರಾ?"

ದೇವೀರಮ್ಮ ಕೇಳಿದ್ದು ಅಷ್ಟೇ. ದನಿ ಏರಿಸಲಿಲ್ಲ, ಕಣ್ಣೀರು ಹಾಕಲಿಲ್ಲ. ಕಾಫಿಯ ಲೋಟವನ್ನು ಕವನಾಳ ಮುಂದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಒಳಬಾಗಿಲಿಗೆ ಒರಗಿ ನಿಂತು ಕೇಳಿದರು.

ಕವನಾಳಿಗೆ ಲೋಟ ಎತ್ತಲು ಕೈ ಬರಲಿಲ್ಲ. ಬೈದು ಹೊರಗೆ ಹಾಕುತ್ತಾರೆ ಎಂದುಕೊಂಡು ಬಂದಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ದೇವೀರಮ್ಮನ ಗಂಡನನ್ನು ಲಾಕಪ್ಪಿಗೆ ಕಳಿಸಿದವಳಿಗೂ ಈ ಮನೆಯಲ್ಲಿ ಸಕ್ಕರೆ ಸರಿಯಾಗಿ ಹಾಕಿದ ಕಾಫಿ ಸಿಗುತ್ತಿದೆಯಲ್ಲ, ಅದೇ ಅವಳ ತಲೆ ತಗ್ಗಿಸಿತ್ತು.

ನೆಲದಾಳದ ಬಿಸಿಯಿಂದ ಕರೆಂಟು ಮಾಡಲು ಹೊರಟ ಸರಕಾರಿ ಭೂಶಾಖ ಅಭಿಯಾನದ ಎಂಜಿನಿಯರ್ ಅಭಿಷೇಕ್, ಕಂಚಿಕಾನು ಕಾಫಿ ಎಸ್ಟೇಟಿನ ಬೋರಿನ ಪಕ್ಕದ ಕೆಸರುಗುಂಡಿಯಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದು ಸಿಕ್ಕಿ ಇನ್ನೂ ವಾರ ತುಂಬಿರಲಿಲ್ಲ. ಅವನು ಮಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಅವನನ್ನು ತಳ್ಳಿದ ಆರೋಪದ ಮೇಲೆ ಎಸ್ಟೇಟಿನ ಮೇಸ್ತ್ರಿ ಗುರುವಯ್ಯ ಪೊಲೀಸರ ವಶದಲ್ಲಿದ್ದರು. ಆ ಸಂಜೆ ಗುರುವಯ್ಯನವರನ್ನು ಬೋರಿನ ಹತ್ತಿರ ಕಂಡೆ ಎಂದು ಹೇಳಿಕೆ ಕೊಟ್ಟವಳು ಅಭಿಯಾನದ ಸಂಪರ್ಕಾಧಿಕಾರಿ ಕವನಾ.

ಬಾಗಿಲ ಪಕ್ಕದ ಬೆಂಚಿನ ಮೇಲೆ ಇನ್ಸ್‌ಪೆಕ್ಟರ್ ಹಾಲೇಶ್ ಕಾಫಿ ಲೋಟ ಹಿಡಿದು ಕೂತಿದ್ದ. ಅವನೂ ಉತ್ತರಕ್ಕೇ ಕಾಯುತ್ತಿದ್ದಂತಿತ್ತು.

"ಬೆನ್ನು ನೋಡಿದೆ" ಎಂದಳು ಕವನಾ. "ಕೆಂಪು ರೇನ್‌ಕೋಟು ಇತ್ತು. ಟೋಪಿ ಎಳ್ಕೊಂಡಿದ್ರು."

"ಯಾವ ರೇನ್‌ಕೋಟು? ನಿಮ್ಮ ಅಭಿಯಾನದ್ದಾ?"

"ಹೌದು."

ದೇವೀರಮ್ಮ ಒಳಬಾಗಿಲು ಬಿಟ್ಟು ಮುಂದೆ ಬಂದರು. "ಅದು ನಮ್ಮ ಮನೇಲಿ ಇಲ್ವಲ್ಲಮ್ಮ. ಅವರು ಬೇಡ ಅಂತ ನಿಮ್ಮ ಕೈಗೇ ವಾಪಸ್ ಕೊಟ್ರಲ್ಲ, ಗ್ರಾಮಸಭೆಲಿ. ಮರೆತೋಯ್ತಾ?"

ಹಾಲೇಶ್ ಲೋಟ ಕೆಳಗಿಟ್ಟ.

ಕವನಾ ಮರೆತಿರಲಿಲ್ಲ. ನೆನಪು ಮಾಡಿಕೊಳ್ಳದೆ ಇದ್ದಳು, ಅಷ್ಟೇ. ಗ್ರಾಮಸಭೆಯ ದಿನ ವೇದಿಕೆಯ ಮೇಲೆ ಊರಿನ ಹಿರಿಯರೆಂದು ಗುರುವಯ್ಯನವರೊಬ್ಬರಿಗೆ ಮೊದಲ ಕೋಟು ಕೊಟ್ಟು, ಉಳಿದವನ್ನು ಮುಂದಿನ ವಾರ ಹಂಚುವುದು ಎಂದಿತ್ತು. ಬೆನ್ನ ಮೇಲೆ ಅಭಿಯಾನದ ಸೂರ್ಯನಂಥ ಚಿತ್ರ, ಕೆಳಗೆ 'ನಮ್ಮ ನೆಲ, ನಮ್ಮ ಶಾಖ' ಎಂಬ ಬರಹ. ಗುರುವಯ್ಯ ಅದನ್ನು ಬಿಚ್ಚಿಯೂ ನೋಡಲಿಲ್ಲ. "ಅಷ್ಟು ಆಳಕ್ಕೆ ತೂತು ಕೊರೆದ್ರೆ ನಮ್ಮ ಹೊಳೆಗೇನಾಗ್ತದೆ ಅಂತ ಮೊದಲು ಹೇಳಿ. ಕೋಟು ಆಮೇಲೆ ಕೊಡಿ" ಎಂದು ಅವಳ ಕೈಗೇ ಮರಳಿಸಿದ್ದರು.

ಅವಳ ಹತ್ತಿರ ಉತ್ತರವಿರಲಿಲ್ಲ. ಮೈಕ್ ಮಾತ್ರ ಇತ್ತು. "ಗುರುವಯ್ಯನವ್ರಿಗೆ ಮಳೇಲಿ ನೆನೆಯೋದೇ ಖುಷಿ ಅಂತ ಕಾಣ್ತದೆ" ಎಂದಿದ್ದಳು. ಸಭೆಯೆಲ್ಲ ಗೊಳ್ಳೆಂದು ನಕ್ಕಿತ್ತು. ಆ ನಗುವಿನ ನಡುವೆಯೇ ಅವರು ಕೂಗಿದ್ದು, "ನಗ್ರಿ, ನಗ್ರಿ! ಒಂದಿನ ಆ ಮಿಷಿನ್ನನ್ನ ಗುಂಡಿಗೆ ತಳ್ತೀನಿ ನೋಡಿ!" ಎಂದು. ಪೊಲೀಸರು ಹಿಡಿದುಕೊಂಡದ್ದು ಆ ಮಾತನ್ನು. ಅದಕ್ಕೆ ಮುಂಚೆ ಯಾರು ಏನು ಹೇಳಿ ನಗಿಸಿದರು ಎಂಬುದನ್ನು ಕವನಾ ಅವರಿಗೆ ಹೇಳಿರಲಿಲ್ಲ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಕಿಟಕಿಯಿಂದ ದಿವ್ಯಾಳ ಬೆನ್ನು ಕಾಣುತ್ತಿತ್ತು. ಗುರುವಯ್ಯನವರ ಒಬ್ಬಳೇ ಮಗಳು. ಪದವಿ ಮುಗಿಸಿ ಮನೆಯಲ್ಲಿದ್ದವಳನ್ನು ಕವನಾಳೇ ಒಪ್ಪಿಸಿ ಅಭಿಯಾನದ 'ಶಾಖಮಿತ್ರ' ಕಾರ್ಯಕರ್ತೆಯಾಗಿ ಮಾಡಿದ್ದಳು. ಅಪ್ಪ ಬೇಡವೆಂದರೂ ದಿನಾ ಬೋರಿಗೆ ಹೋಗಿ, ಅಭಿಷೇಕ್ ಥರ್ಮಾಮೀಟರಿನ ಕೇಬಲ್ ಇಳಿಸುವಾಗ ಹಿಡಿದುಕೊಳ್ಳುತ್ತಿದ್ದಳು. 'ಅಕ್ಕಾ' ಎಂದು ಓಡಿ ಬರುತ್ತಿದ್ದ ಹುಡುಗಿ ಈಗ ತಿರುಗಿಯೂ ನೋಡಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಕಲ್ಲಿಗೆ ಬಡಿಯುತ್ತಿದ್ದಳು.

"ಬೋರಿನ ಕಡೆ ಹೋಗಿ ಬರೋಣ ಮೇಡಂ" ಎಂದು ಹಾಲೇಶ್ ಎದ್ದ.

ಕವನಾ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು. ಬಿಟ್ಟು ಹೋಗುವುದು ಆ ಮನೆಗೆ ಇನ್ನೂ ದೊಡ್ಡ ಅವಮಾನವಾಗುತ್ತಿತ್ತು.

*

ಕೂಲಿಯವರ ಲೈನ್ ಮನೆಗಳನ್ನು ದಾಟಿ ತೋಟದ ದಾರಿಗೆ ಇಳಿದ ಮೇಲೆ ಹಾಲೇಶ್ ಕೇಳಿದ. "ಉಳಿದ ಕೋಟುಗಳು ಎಲ್ಲಿವೆ?"

"ಚಿಕ್ಕಮಗಳೂರಿನ ಆಫೀಸಲ್ಲಿ. ಗಲಾಟೆ ಆಯ್ತಲ್ಲ, ಹಂಚೋದನ್ನ ನಿಲ್ಲಿಸಿದ್ವಿ. ಕಟ್ಟು ಬಿಚ್ಚೇ ಇಲ್ಲ."

"ಅಂದ್ರೆ ಈ ಗುಡ್ಡದಲ್ಲಿ ಆ ಕೆಂಪು ಕೋಟು ಇದ್ದದ್ದು ಒಂದೇ. ಗುರುವಯ್ಯ ನಿಮ್ಮ ಕೈಗೆ ಕೊಟ್ಟದ್ದು."

"ಹೌದು."

"ಇದನ್ನ ನನಗೆ ಯಾಕೆ ಹೇಳಲಿಲ್ಲ?"

ಕವನಾ ನಿಂತಳು. ಕಾಫಿಗೆ ಹೂ ತರಿಸುವ ಮೊನ್ನೆಯ ಹೂಮಳೆಗೆ ತೋಟವೆಲ್ಲ ಮೊಗ್ಗು ಉಬ್ಬಿಸಿಕೊಂಡು ನಿಂತಿತ್ತು.

"ನಾನು ಗುರುವಯ್ಯನವ್ರನ್ನ ನೋಡ್ಲಿಲ್ಲ ಸಾರ್."

ಹಾಲೇಶ್ ಎರಡು ಹೆಜ್ಜೆ ಹಿಂದಕ್ಕೆ ಬಂದ.

"ಆ ಸಂಜೆ ನಾನೂ ನಮ್ಮ ಡೈರೆಕ್ಟರ್ ಸುರೇಂದ್ರ ಸರ್ರೂ ಮೇಲಿನ ರಸ್ತೇಲಿ ಜೀಪಲ್ಲಿದ್ವಿ. ಮಳೆ ಶುರುವಾಗಿತ್ತು. ಗಾಜು ಮಸುಕಾಗಿತ್ತು. ಕೆಂಪು ಕೋಟಿನವರು ಯಾರೋ ಬೋರಿನ ಕಡೆ ಇಳಿದು ಹೋದ್ರು. 'ಅದು ಗುರುವಯ್ಯ ಅಲ್ವಾ?' ಅಂತ ಸರ್ ಕೇಳಿದ್ರು. ನಾನು ಹೌದು ಅಂತ ತಲೆ ಅಲ್ಲಾಡಿಸಿದೆ. ಮಾರನೇ ದಿನ ನೀವು ಬಂದಾಗ 'ಕವನಾ ಕಣ್ಣಾರೆ ನೋಡಿದ್ದಾರೆ' ಅಂತ ಅವರೇ ಹೇಳಿಬಿಟ್ರು. ನೀವು ಬರ್ಕೊಂಡ್ರಿ. ನಾನು ಸಹಿ ಹಾಕಿದೆ."

"ತಲೆ ಯಾಕೆ ಅಲ್ಲಾಡಿಸಿದ್ರಿ?"

"ಅವರೇ ಆಗಿರ್ಲಿ ಅನ್ನಿಸ್ತು."

ಹೇಳಿ ಮುಗಿದ ಮೇಲೆ ಅವಳಿಗೆ ತನ್ನ ದನಿಯೇ ಕೇಳಲಾಗದಂತಾಯಿತು. ಬಣಕಲ್ಲಿನ ಸಣ್ಣ ಹಿಡುವಳಿದಾರರ ಮನೆಯ ಹುಡುಗಿ ಅವಳು. ಕೂಲಿಯವರ ಮನೆಯಲ್ಲಿ ಚಾಪೆ ಮೇಲೆ ಕೂತು, ಅವರ ಮಾತಿನಲ್ಲೇ ಮಾತಾಡಿ, ಸರಕಾರದ ಯೋಜನೆಯನ್ನು ಮನೆಮನೆಗೆ ಮುಟ್ಟಿಸುತ್ತಾಳೆ ಎಂದೇ ಅವಳನ್ನು ಈ ಕೆಲಸಕ್ಕೆ ಆರಿಸಿದ್ದರು. ಅದೇ ಚಾಪೆಯ ಮೇಲಿಂದ ಎದ್ದು ಹೋಗಿ ಅವಳು ಸಹಿ ಹಾಕಿದ್ದಳು.

"ನನಗೂ ಹಾಗೇ ಅನ್ನಿಸ್ತು ಮೇಡಂ" ಎಂದ ಹಾಲೇಶ್, ಅವಳ ಮುಖ ನೋಡದೆ. "ಕೇಸು ಬೇಗ ಮುಗೀತದೆ ಅಂತ. ಜೀಪು ಹತ್ತಿಸುವಾಗ ಅವರು ಚಪ್ಪಲಿ ಹಾಕ್ಕೋತೀನಿ ಅಂದ್ರು. ನಾನು ಬಿಡ್ಲಿಲ್ಲ."

ಇಬ್ಬರೂ ಮುಂದೆ ನಡೆದರು.

ಬೋರು ಕಾಣುವ ತಿರುವಿನಲ್ಲಿ ಕವನಾಳ ಹೆಜ್ಜೆ ತಾನಾಗಿ ನಿಧಾನವಾಯಿತು. ಎಡಗಡೆ ಇಳಿಜಾರಿನಲ್ಲಿ ಗಿಡಗಳ ಒಂದೇ ಒಂದು ಸಾಲು ಜೋತುಬಿದ್ದಿತ್ತು. ಅಕ್ಕಪಕ್ಕದ ಸಾಲುಗಳು ಹಚ್ಚಗಿದ್ದವು. ಈ ಸಾಲಿನ ಎಲೆ ಮಾತ್ರ ಹಳದಿಯಾಗಿ ಮುದುರಿ, ಮೊಗ್ಗುಗಳು ಕಪ್ಪಾಗಿ ಸುಟ್ಟಂತಿದ್ದವು. ಯಾರೋ ಗೀರು ಎಳೆದಂತೆ ಆ ಸಾಲು ನೇರವಾಗಿ ಗುಡ್ಡ ಹತ್ತಿತ್ತು.

"ಏನಾಯ್ತು?" ಎಂದ ಹಾಲೇಶ್.

"ರೋಗ ಬಂದ್ರೆ ಗಿಡ ಹೀಗೆ ಸಾಲು ಹಿಡಿದು ಸಾಯಲ್ಲ ಸಾರ್. ಅಲ್ಲೊಂದು ಇಲ್ಲೊಂದು ಹೋಗ್ತವೆ." ಅವಳು ಗಿಡದ ಬುಡದಲ್ಲಿ ಕೂತು ತರಗೆಲೆ ಸರಿಸಿದಳು. ಕೆಳಗಿನ ಮಣ್ಣು ಸಡಿಲವಾಗಿತ್ತು, ಇತ್ತೀಚೆಗೆ ಅಗೆದು ಮುಚ್ಚಿದಂತೆ. "ಇದಕ್ಕೆ ಬೇರಿನಲ್ಲೇ ಏನೋ ತಾಗಿದೆ."

ಹಾಲೇಶ್ ಒಂದು ಗೂಟ ಕಿತ್ತುಕೊಂಡು ಕೆದಕಿದ. ಮೊಣಕೈ ಆಳಕ್ಕೆ ಹೋಗುವಷ್ಟರಲ್ಲಿ ಗೋಣಿತಾಟು ಸಿಕ್ಕಿತು. ಗೋಣಿಯ ಒಳಗೆ ಕಪ್ಪು ಪೈಪು.

ಕೆಳಗಿನ ತುದಿ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಬೇಕಾಗಿರಲಿಲ್ಲ. ಅದು ನೇರ ಬೋರಿನ ಬಾಯಿಗೆ ಹೋಗಿ, ಕಾಂಕ್ರೀಟ್ ಕಟ್ಟೆಯ ಅಡಿಯಲ್ಲಿ ಹೊರಕೊಳವೆಗೆ ಸೇರಿತ್ತು. ಮೇಲಿನ ತುದಿ ಹೋದದ್ದು ಗುಡ್ಡದ ಮೇಲಿನ ಹಳೇ ಶೆಡ್ಡಿಗೆ. ಹಿಂದೆ ಎಸ್ಟೇಟಿನವರು ಕಾಳುಮೆಣಸನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತಿದ್ದ ಜಾಗ ಅದು. ಹೊಸ ಬಾಯ್ಲರ್ ಬಂದ ಮೇಲೆ ಈ ಶೆಡ್ಡನ್ನು ಅಭಿಯಾನದ ಸಾಮಾನು ಇಡಲು ಬಿಟ್ಟುಕೊಟ್ಟಿದ್ದರು. ಬೀಗದ ಕೈ ಇದ್ದದ್ದು ಯೋಜನಾ ನಿರ್ದೇಶಕ ಸುರೇಂದ್ರನ ಹತ್ತಿರ.

ಹಾಲೇಶ್ ಬೀಗ ಒಡೆದ. ಒಲೆಯಲ್ಲಿ ಹೊಸ ಬೂದಿ ಇತ್ತು. ಕವನಾ ಅದರ ಮೇಲಿನ ಹಳೇ ಬಾಯ್ಲರಿನ ಮುಚ್ಚಳ ಎತ್ತಿ ಬಗ್ಗಿದಳು.

ಮೂಗಿಗೆ ಘಮ್ಮೆಂದು ಮೆಣಸಿನ ಘಾಟು ಬಡಿಯಿತು.

ಅವಳು ಮುಚ್ಚಳವನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟಳು. ಈ ವಾಸನೆ ಅವಳಿಗೆ ಗೊತ್ತಿತ್ತು. ಕಳಸದಿಂದ, ಕೊಟ್ಟಿಗೆಹಾರದಿಂದ, ತನ್ನದೇ ಬಣಕಲ್ಲಿನಿಂದ ಬಸ್ಸಿನಲ್ಲಿ ಜನರನ್ನು ಕರೆತಂದು, ಬೋರಿನಿಂದ ಉಕ್ಕುವ ಬಿಸಿನೀರನ್ನು ಅವಳು ತೋರಿಸಿದ್ದಳು. ನೆಲದೊಳಗಿನ ಈ ಬಿಸಿಯಿಂದ ಕರೆಂಟು ಮಾಡಬಹುದು, ಸೌದೆ ಸುಡದೆ ಕಾಫಿ ಒಣಗಿಸಬಹುದು, ಕೇಂದ್ರವೂ ಪಕ್ಕದ ರಾಜ್ಯಗಳೂ ನಮ್ಮ ಜತೆ ಕೈಜೋಡಿಸುತ್ತವೆ, ನೀವು ಒಪ್ಪಿಗೆ ಕೊಟ್ಟರೆ ಸಾಕು ಎಂದಿದ್ದಳು. ನೀರಿಗೆ ಏನೋ ಘಾಟು ಇದೆಯಲ್ಲ ಎಂದು ಯಾರೋ ಕೇಳಿದಾಗ ಸುರೇಂದ್ರ ಅವಳ ಕಿವಿಯಲ್ಲಿ 'ಖನಿಜದ್ದು' ಎಂದಿದ್ದ. ಅದನ್ನವಳು ಮೈಕಿನಲ್ಲಿ ಇನ್ನಷ್ಟು ಚಂದ ಮಾಡಿ ಹೇಳಿದ್ದಳು. 'ಇದು ಭೂತಾಯಿಯ ಒಡಲಿನ ವಾಸನೆ.'

ದೇವೀರಮ್ಮನ ಕೈ ಹಿಡಿದು ಆ ನೀರಿಗೆ ಮುಟ್ಟಿಸಿದ್ದೂ ಅವಳೇ. ಅವರು ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ನಮಸ್ಕಾರ ಮಾಡಿದ್ದರು.

ಮೆಣಸಿನ ನೀರಿಗೆ.

*

ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ನಾಳೆ ಅಭಿಯಾನದ ಜಂಟಿ ಒಪ್ಪಂದಕ್ಕೆ ಸಹಿ ಹಾಕಲು ದೆಹಲಿಯಿಂದಲೂ ಬೇರೆ ರಾಜ್ಯಗಳಿಂದಲೂ ಅಧಿಕಾರಿಗಳು ಬರುವವರಿದ್ದರು. ಸುರೇಂದ್ರ ಶಾಮಿಯಾನದ ಏರ್ಪಾಡು ನೋಡಲು ಬಂದಿದ್ದ. ಶೆಡ್ಡಿನ ಬಾಗಿಲು ತೆರೆದಿದ್ದು ಕಂಡು ಒಳಗೆ ಬಂದವನು, ಬಾಯ್ಲರಿನ ಹತ್ತಿರ ನಿಂತ ಕವನಾಳನ್ನು ನೋಡಿ ಅಲ್ಲೇ ನಿಂತ.

"ಪೈಪು ಸಿಕ್ಕಿತು ಸರ್" ಎಂದಳು ಕವನಾ.

ಸುರೇಂದ್ರ ಕನ್ನಡಕ ತೆಗೆದು ಒರೆಸಿಕೊಂಡ. ಸುಳ್ಳು ಹೇಳಲು ಹೊರಟವನಂತೆ ಕಾಣಲಿಲ್ಲ. ದಣಿದವನಂತೆ ಕಂಡ.

"ಶಾಖ ಇದೆ ಕವನಾ. ನಿಜವಾಗ್ಲೂ ಇದೆ. ನಾವು ಕೊರೆದ ಆಳಕ್ಕೆ ಸಿಗಲಿಲ್ಲ, ಅಷ್ಟೇ. ಇನ್ನೂ ಕೆಳಗೆ ಹೋಗ್ಬೇಕು. ಹೋಗ್ಬೇಕು ಅಂದ್ರೆ ಒಪ್ಪಂದ ಆಗ್ಬೇಕು. ಒಪ್ಪಂದ ಆಗ್ಬೇಕು ಅಂದ್ರೆ ಜನ ಒಪ್ಪಿದ್ದಾರೆ ಅಂತ ತೋರಿಸ್ಬೇಕು. ಕಣ್ಣಿಗೆ ಕಾಣದ್ದನ್ನ ಜನ ಹೇಗೆ ಒಪ್ತಾರೆ?"

"ಅದಕ್ಕೆ ಬಾಯ್ಲರ್ ಹಚ್ಚಿದ್ರಾ?"

"ಸ್ವಲ್ಪ ದಿನದ ಮಟ್ಟಿಗೆ. ನಿಜವಾದ ಬಿಸಿನೀರು ಬಂದ ಮೇಲೆ ಇದನ್ನ ಯಾರು ಕೇಳ್ತಿದ್ರು?"

"ಅಭಿಷೇಕ್ ಕೇಳಿದ್ರಲ್ಲ?" ಎಂದ ಹಾಲೇಶ್.

ಸುರೇಂದ್ರ ತಡವರಿಸಿದ. "ಅವನಿಗೆ ಅನುಮಾನ ಬಂದಿತ್ತು. ಥರ್ಮಾಮೀಟರ್ ಕೆಳಗೆ ಹೋದಷ್ಟೂ ತಣ್ಣಗೆ ತೋರಿಸ್ತದೆ, ಮೇಲೆ ಮಾತ್ರ ಬಿಸಿ ಅಂದ. ಒಪ್ಪಂದ ಮುಗೀಲಿ, ಆಮೇಲೆ ಮಾತಾಡೋಣ ಅಂದೆ. ನಾನು ಅವನನ್ನ ಮುಟ್ಟಿಲ್ಲ ಇನ್ಸ್‌ಪೆಕ್ಟ್ರೇ. ಆ ಹೊತ್ತಿಗೆ ನಾನು ಜೀಪಲ್ಲಿದ್ದೆ, ಕವನಾ ಪಕ್ಕದಲ್ಲಿ. ಬೇಕಾದ್ರೆ ಇವರನ್ನೇ ಕೇಳಿ. ಸಾಕ್ಷಿ ಹೇಳೋದು ಇವರಿಗೆ ಅಭ್ಯಾಸ ಆಗಿದೆ."

ಆ ಮಾತು ಕೆನ್ನೆಗೆ ಬಿದ್ದಂತೆ ಬಿತ್ತು. ಕವನಾ ತಡೆದುಕೊಂಡಳು.

"ನಾನು ಜನರಿಗೆ ಸುಳ್ಳು ಹೇಳೋ ಹಾಗೆ ಮಾಡಿದ್ರಿ ಸರ್."

"ನೀರು ನಾನು ಕೊಟ್ಟೆ. ಮಾತು ನಿಮ್ಮದೇ. ಒಂದು ಸಲಾನಾದ್ರೂ ಬೋರಿನ ಸುತ್ತ ನಡೆದು ನೋಡಿದ್ರಾ? ನೋಡಿದ್ರೆ ನಿಮ್ಮ ಕಣ್ಣಿಗೂ ಬೀಳ್ತಿತ್ತು. ಚಪ್ಪಾಳೆ ಸಾಕಾಗಿತ್ತು ನಿಮಗೆ."

ಹೌದು. ಸಾಕಾಗಿತ್ತು. ಆದರೆ ಇನ್ನೊಂದು ಪ್ರಶ್ನೆ ಇತ್ತು. ಅದನ್ನು ಕೇಳದೆ ಈ ಶೆಡ್ಡಿನಿಂದ ಹೊರಗೆ ಹೋಗಬಾರದು ಎಂದು ಅವಳಿಗೆ ಅನ್ನಿಸಿತು.

"ಗ್ರಾಮಸಭೆ ದಿನ ಗುರುವಯ್ಯನವ್ರು ವಾಪಸ್ ಕೊಟ್ಟ ಕೋಟನ್ನ ನಾನು ನಿಮ್ಮ ಜೀಪಿನ ಹಿಂದಿನ ಸೀಟಲ್ಲಿ ಹಾಕಿದ್ದೆ. ಅದೆಲ್ಲಿ?"

ಹಾಲೇಶ್ ಹೊರಗೆ ಹೋಗಿ ಜೀಪಿನ ಹಿಂದುಗಡೆ ಹುಡುಕಿ ಬಂದ. ಇಲ್ಲ ಎಂದು ಕೈಯಾಡಿಸಿದ.

"ಸರ್, ಎಲ್ಲಿ?"

"ಕೊಟ್ಟೆ."

"ಯಾರಿಗೆ?"

"ಆ ಹುಡುಗಿಗೆ. ದಿವ್ಯಾಗೆ." ಸುರೇಂದ್ರನ ದನಿ ಇಳಿದಿತ್ತು. "ಅವತ್ತು ಬೆಳಿಗ್ಗೆ ಮೋಡ ಕಟ್ಟಿತ್ತು. 'ಅಪ್ಪ ಬೇಡ ಅಂದ್ರು, ನಾನು ಹಾಕ್ಕೊಳ್ಳಲಾ ಸಾರ್' ಅಂತ ಕೇಳಿದ್ಳು. ಕೊಟ್ಟೆ."

ಕವನಾಳ ಕಣ್ಣ ಮುಂದೆ ಜೀಪಿನ ಮಸುಕು ಗಾಜು ಬಂತು. ಟೋಪಿ ಎಳೆದುಕೊಂಡು ಕಾಲುದಾರಿ ಇಳಿಯುತ್ತಿದ್ದ ಆ ಬೆನ್ನು. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದು ಕೂತವನ ನಿಧಾನದ ದನಿ.

"ಹಾಗಿದ್ರೆ ಆ ಸಂಜೆ ನಿಮಗೆ ಗೊತ್ತಿತ್ತು" ಎಂದಳು. "ಇಳಿದು ಹೋದವಳು ದಿವ್ಯಾ ಅಂತ ಗೊತ್ತಿತ್ತು. ಗೊತ್ತಿದ್ದೂ 'ಗುರುವಯ್ಯ ಅಲ್ವಾ' ಅಂತ ಕೇಳಿದ್ರಿ."

"ಅಭಿಷೇಕ್‌ಗೆ ಹೀಗಾಗ್ತದೆ ಅಂತ ಆಗ ನನಗೇನು ಗೊತ್ತು? ಆ ಮನುಷ್ಯ ಎಲ್ಲ ಊರಿಗೂ ಹೋಗಿ ಜನರನ್ನ ತಿರುಗಿಸ್ತಿದ್ದ. ಬೋರಿನ ಹತ್ರ ಕಂಡ ಅಂತ ಒಂದು ದೂರು ಇದ್ರೆ ಒಪ್ಪಂದ ಮುಗಿಯೋವರೆಗೆ ಬಾಯಿ ಮುಚ್ಕೊಂಡಿರ್ತಾನೆ ಅಂತ..." ಅವನು ಕನ್ನಡಕ ಹಾಕಿಕೊಂಡ. "ನೀವು ತಲೆ ಅಲ್ಲಾಡಿಸ್ತೀರಿ ಅಂತ ನನಗೆ ಗೊತ್ತಿತ್ತು ಕವನಾ."

ಅವಳು ಗೋಡೆಗೆ ಕೈ ಕೊಟ್ಟು ನಿಂತಳು. ತನ್ನನ್ನು ಇಷ್ಟು ಚೆನ್ನಾಗಿ ಒಬ್ಬರು ಓದಿಟ್ಟುಕೊಂಡಿದ್ದರು ಎಂಬುದೇ ಮೈಮೇಲಿನ ಬಟ್ಟೆ ಕಿತ್ತಂತಾಗಿತ್ತು.

ಹಾಲೇಶನ ಫೋನ್ ಬಡಿದುಕೊಂಡಿತು. ಠಾಣೆಯಿಂದ.

"ಹೇಳು ಮಾರಾಯ" ಎಂದವನು ಮುಂದೆ ಮಾತಾಡಲಿಲ್ಲ. ಕೇಳುತ್ತ ಕೇಳುತ್ತ ಅವನ ಹುಬ್ಬು ಗಂಟಾಯಿತು. "ಯಾರಾದ್ರೂ ಕೈ ಮಾಡಿದ್ರಾ? ನಿಜ ಹೇಳು... ಅವರಾಗೇ ಹೇಳಿದ್ರಾ? ಇನ್ನೊಂದ್ಸಲ ಹೇಳು, ಅವರು ಹೇಳಿದ ಹಾಗೇ ಹೇಳು."

ಫೋನ್ ಇಟ್ಟ ಮೇಲೆ ಅವನು ಕವನಾಳ ಹತ್ತಿರ ಬಂದ. ಸುರೇಂದ್ರನಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಿದ.

"ಗುರುವಯ್ಯ ತಪ್ಪು ಒಪ್ಕೊಂಡಿದ್ದಾರೆ."

"ಏನು?"

"'ಆ ಹುಡುಗನ್ನ ತಳ್ಳಿದ್ದು ನಾನೇ. ಕೆಂಪು ಕೋಟು ಹಾಕಿದ್ದೂ ನಾನೇ. ಕವನಮ್ಮ ನೋಡಿದ್ದು ನನ್ನನ್ನೇ, ಆಯಮ್ಮ ಸುಳ್ಳು ಹೇಳೋರಲ್ಲ' ಅಂದ್ರಂತೆ."

ಕವನಾಳ ಹೇಳಿಕೆ ಸುಳ್ಳೆಂದು ಮೊದಲಿನಿಂದಲೂ ಖಂಡಿತವಾಗಿ ಗೊತ್ತಿದ್ದ ಮನುಷ್ಯ ಅವರು. ಅವರೇ ಅದಕ್ಕೆ ಸತ್ಯದ ಮುದ್ರೆ ಒತ್ತಿದ್ದರು. ಅಷ್ಟೇ ಅಲ್ಲ, ಅವಳ ಮರ್ಯಾದೆಯನ್ನೂ ಕಾಪಾಡಿದ್ದರು.

"ಅವರಿಗೆ ಗೊತ್ತು" ಎಂದಳು. "ಕೋಟು ಯಾರ ಮೈಮೇಲಿತ್ತು ಅಂತ ಗೊತ್ತು."

"ನೀವು ಹೇಳಿಕೆ ವಾಪಸ್ ತಗೊಂಡ್ರೆ ಅವರು ಹೇಳಿದ್ದು ನಿಲ್ಲಲ್ಲ. ಆದ್ರೆ ಅದರ ಮರುಕ್ಷಣ ನಾನು ಆ ಹುಡುಗಿ ಮನೆಗೆ ಹೋಗ್ಬೇಕು. ಅವಳು ತಳ್ಳಿದ್ಲೋ, ಇನ್ನೇನು ನೋಡಿದ್ಲೋ ನನಗೆ ಗೊತ್ತಿಲ್ಲ. ಹೋಗ್ಲೇಬೇಕು. ವಾಪಸ್ ತಗೊಳ್ಳಲಿಲ್ಲ ಅಂದ್ರೆ ಅವರು ಜೈಲಿಗೆ ಹೋಗ್ತಾರೆ." ಹಾಲೇಶ್ ಬಾಗಿಲ ಕಡೆ ನೋಡಿದ. "ಏನು ಮಾಡ್ತೀರಿ ಮೇಡಂ?"

ತರಗೆಲೆಯ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಮೂವರೂ ತಿರುಗಿದರು.

ದಿವ್ಯಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕೈ ಇನ್ನೂ ಸೋಪಿನ ನೀರಲ್ಲಿ ಒದ್ದೆಯಾಗಿತ್ತು. ಒಡೆದ ಬೀಗ, ತೆರೆದ ಬಾಯ್ಲರ್, ಸುರೇಂದ್ರ, ಪೊಲೀಸು, ಎಲ್ಲವನ್ನೂ ಒಂದು ಸಲ ನೋಡಿ ಕಣ್ಣನ್ನು ಕವನಾಳ ಮೇಲೆ ನಿಲ್ಲಿಸಿದಳು. ದಿನಗಳ ನಂತರ ಅವಳು ಕವನಾಳ ಮುಖ ನೋಡಿದ್ದು ಅದೇ ಮೊದಲು.

"ಅಕ್ಕಾ" ಎಂದಳು. "ಫೋನಲ್ಲಿ ಮಾತಾಡಿದ್ದು ಹೊರಗೆ ಕೇಳಿಸ್ತು. ಅಪ್ಪ ಏನಂದ್ರಂತೆ?"

ಹಾಲೇಶನೂ ಸುರೇಂದ್ರನೂ ಕವನಾಳ ಕಡೆ ನೋಡಿದರು.